ಹೊಟ್ಟೆಯೊಳಗಿನ ಪಿಶಾಚಿ ಸಾಕು

ಬಸಿರು ಬೇಕೋ ಬೇಡವೋ ಎನ್ನುವ ಹಕ್ಕನ್ನೇ ಕಳೆದುಕೊಂಡ ಹೆಂಗಸಿನ ಬಗ್ಗೆ ಮತ್ತೊಂದು ಹಾರರ್ ಕಥೆ, ಮತ್ತೆ ಅದೇ ಕೊನೆ. ಹೊಟ್ಟೆ ಸೀಳಿಕೊಂಡು ಏನೋ ಹೊರಬರುತ್ತದೆ, ಕೋಣೆ ತುಂಬ ರಕ್ತ, ಮುಗಿಯಿತು. ಓದಿ ಸಿಟ್ಟು ಬಂತು. ಅಮೆರಿಕದ ಸುಪ್ರೀಂ ಕೋರ್ಟ್, ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ರೋ ತೀರ್ಪನ್ನು 2022ರ ಜೂನ್ 24ರಂದು ರದ್ದು ಮಾಡಿದ ಮೇಲೆ ಇಂಥ ಕಥೆಗಳು ಬರಲೇಬೇಕಿತ್ತು. ಆದರೆ ಪಿಶಾಚಿಯನ್ನು ಬಸಿರಿನೊಳಗೆ ಕೂರಿಸಿದಿರೋ, ಹೆಂಗಸಿನ ಮೈಯೇ ಹೆದರಬೇಕಾದ ವಸ್ತುವಾಗುತ್ತದೆ. ಅವಳ ಬದಲಿಗೆ ತೀರ್ಮಾನ ಮಾಡಿದವರು ಕಥೆಯಿಂದಲೇ ಜಾರಿಕೊಳ್ಳುತ್ತಾರೆ.

ಸೈತಾನನ ಭಕ್ತರ ಸಂಚಿಗೆ ಸಿಕ್ಕಿ ಅವನ ಮಗುವಿಗೆ ಬಸಿರಾಗುವ ರೋಸ್‌ಮೇರಿಯ ಕಥೆ, 1967ರ ಕಾದಂಬರಿ ‘ರೋಸ್‌ಮೇರೀಸ್ ಬೇಬಿ’ ಎಂದರೆ ಎಲ್ಲರಿಗೂ ನೆನಪಾಗುವುದು ಆ ಮಗು ಮಲಗಿದ ಕೊನೆಯ ಕಪ್ಪು ತೊಟ್ಟಿಲು. ಅದನ್ನು ಬರೆದ ಐರಾ ಲೆವಿನ್ ಉಸಿರು ಕಟ್ಟಿಸುವುದು ಅದಕ್ಕೂ ಮೊದಲೇ. ಪುಸ್ತಕ ಓದಬೇಡ, ಗೆಳತಿಯರ ಮಾತು ಕೇಳಬೇಡ ಎನ್ನುವ ಡಾಕ್ಟರ್. ನೋವು ತಡೆಯಲಾಗುತ್ತಿಲ್ಲ ಎಂದರೆ ತಾನಾಗಿ ಹೋಗುತ್ತದೆ ಎನ್ನುವ ಉತ್ತರ. ರೋಸ್‌ಮೇರಿ ತಪ್ಪಿಸಿಕೊಂಡು ಬೇರೊಬ್ಬ ಡಾಕ್ಟರ್ ಹಿಲ್ ಬಳಿ ಓಡಿದರೆ, ಅವನು ಸಮಾಧಾನ ಹೇಳಿ ಮಲಗಿಸಿ, ಆ ಹಳೆಯ ಡಾಕ್ಟರಿಗೂ ಗಂಡನಿಗೂ ಅವಳನ್ನು ಒಪ್ಪಿಸುತ್ತಾನೆ. ಹಿಲ್ ಸೈತಾನನ ಭಕ್ತನೇನಲ್ಲ. ಹೆಂಡತಿಯ ಮಾತಿಗಿಂತ ಗಂಡನ ಮಾತಿಗೆ ತೂಕ ಹೆಚ್ಚು ಎಂದು ನಂಬಿದ ಮರ್ಯಾದಸ್ಥ. ಆಮೇಲೆ ಬಂದವರೆಲ್ಲ ತೊಟ್ಟಿಲನ್ನು ಎತ್ತಿಕೊಂಡು ಹೋದರು, ಹಿಲ್‌ನನ್ನು ಅಲ್ಲೇ ಬಿಟ್ಟರು.

ಹೆದರಿಸಬೇಕೆ? ಕ್ಯಾಲೆಂಡರ್ ಸಾಕು. 2021ರ ಸೆಪ್ಟೆಂಬರ್ 1ರಂದು ಜಾರಿಯಾದ ಟೆಕ್ಸಸ್ ಕಾನೂನು ಸುಮಾರು ಆರು ವಾರ ದಾಟಿದರೆ ಗರ್ಭಪಾತ ಕೂಡದು ಎಂದಿತು. ವಾರಗಳ ಎಣಿಕೆ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವಳಿಗೂ ಮುಟ್ಟು ತಪ್ಪಿತು ಎಂದು ಗೊತ್ತಾಗುವ ಹೊತ್ತಿಗೆ ನಾಲ್ಕು ವಾರ ಕಳೆದಿರುತ್ತದೆ. ಉಳಿದ ಎರಡು ವಾರದಲ್ಲಿ ಪರೀಕ್ಷೆ, ಸ್ಕ್ಯಾನ್, ಹಣ, ರಜೆ ಎಲ್ಲವೂ ಆಗಬೇಕಿತ್ತು. ಮುಟ್ಟು ಹಿಂದುಮುಂದಾಗುವವಳಿಗೆ ಆ ಎರಡು ವಾರವೂ ಇರಲಿಲ್ಲ. ಮೇಲಾಗಿ, ಅವಳಿಗೆ ನೆರವಾದವರ ಮೇಲೆ ಯಾರು ಬೇಕಾದರೂ ದಾವೆ ಹೂಡಬಹುದು. ಗೆದ್ದರೆ ಕನಿಷ್ಠ 10,000 ಡಾಲರ್. ಇನ್ನು ಅವಳು ಯಾರ ಹತ್ತಿರ ಬಾಯಿ ಬಿಟ್ಟಾಳು? ಕಥೆ ಅಲ್ಲಿದೆ.

ಆಸ್ಪತ್ರೆಯ ದೃಶ್ಯದಲ್ಲಂತೂ ರಕ್ತ ಚೆಲ್ಲುವ ಅಗತ್ಯವೇ ಇಲ್ಲ. 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನಲ್ಲಿ 17 ವಾರದ ಬಸುರಿಯೊಬ್ಬಳು ಗರ್ಭ ನಿಲ್ಲದು ಎಂದು ಗೊತ್ತಾದ ಮೇಲೆ ಗರ್ಭಪಾತ ಮಾಡಿ ಎಂದು ಕೇಳಿಕೊಂಡಳು. ಭ್ರೂಣದ ಎದೆಬಡಿತ ಇನ್ನೂ ಇದೆ ಎಂದು ಕಾದರು. ನೀರು ಒಡೆದ ಮೇಲೆ ಕಾಯುವುದೆಂದರೆ ಸೋಂಕಿಗೆ ಬಾಗಿಲು ತೆರೆದಿಡುವುದು. ಸೋಂಕು ನೆತ್ತರಿಗೇರಿ ಅವಳು ಸತ್ತಳು. ಬರೆಯುವವರು ಎರಡು ಅಂಕಿಗಳನ್ನು ಹಿಡಿದುಕೊಂಡರೆ ಸಾಕು: ಭ್ರೂಣದ ಬಡಿತ ನಿಮಿಷಕ್ಕೆ 150, ಕದಲುವುದಿಲ್ಲ, ತಾಯಿಯ ನಾಡಿ 90, 110, 130. ಮೊದಲ ಅಂಕಿ ನಿಲ್ಲುವ ತನಕ ಎರಡನೆಯದನ್ನು ಯಾರೂ ಮುಟ್ಟುವಂತಿಲ್ಲ.

ಪಿಶಾಚಿ ರೂಪಕವಲ್ಲವೇ, ಅಷ್ಟೂ ಅರ್ಥವಾಗುವುದಿಲ್ಲವೇ ಎನ್ನುತ್ತಾರೆ. ಅರ್ಥವಾಗುತ್ತದೆ. ಪಿಶಾಚಿಯನ್ನು ಸುಟ್ಟರೆ ಕಥೆ ಮುಗಿಯುತ್ತದೆ, ಓದಿದವರು ನೆಮ್ಮದಿಯಾಗಿ ಮಲಗುತ್ತಾರೆ ಎಂಬುದೇ ನನ್ನ ತಕರಾರು. ರುಮೇನಿಯದಲ್ಲಿ ಸರ್ವಾಧಿಕಾರಿ ಚೌಶೆಸ್ಕು 1966ರಲ್ಲಿ ತಂದ, ಗರ್ಭಪಾತವನ್ನು ನಿಷೇಧಿಸಿದ 770ನೇ ಆಜ್ಞೆ 1989ರ ಡಿಸೆಂಬರ್ ತನಕ ಇತ್ತು. ಕಾರ್ಖಾನೆಗಳಲ್ಲೇ ಹೆಂಗಸರ ಬಸಿರು ತಪಾಸಣೆ ನಡೆಯುತ್ತಿತ್ತು. ಕಳ್ಳ ಗರ್ಭಪಾತಗಳಲ್ಲಿ ಸಾವಿರಾರು ಜನ ಸತ್ತರು. ಅಲ್ಲಿ ಸುಡಲು ಪಿಶಾಚಿ ಇರಲಿಲ್ಲ. ರಿಜಿಸ್ಟರ್ ಇತ್ತು, ಅದನ್ನು ತುಂಬುವವರಿದ್ದರು.

ತಪಾಸಣೆಗೆ ನಿಂತ ನರ್ಸ್‌ ಕೂಡ ಅದೇ ಕಾನೂನಿನಡಿ ಬದುಕಿದವಳೇ. ಅದೇ ಕಾರ್ಖಾನೆಯ ಗೆಳತಿಯ ಹೆಸರು ಬರೆಯಬೇಕಾಗಿ ಬಂದ ಅವಳನ್ನೇ ಮುಖ್ಯ ಪಾತ್ರ ಮಾಡಿದ ಹಾರರ್ ಕಾದಂಬರಿ ಬೇಕು ನನಗೆ. ಅವಳು ಬರೆದರೂ ಭಯ, ಬರೆಯದಿದ್ದರೂ ಭಯ. ಅಂಥದ್ದೇನಾದರೂ ಓದಿದ್ದರೆ ದಯವಿಟ್ಟು ಹೆಸರು ತಿಳಿಸಿ.