ಮರ ಕಡಿಯುತ್ತಿಲ್ಲವಂತೆ, ಬರೀ ಬೇರಂತೆ!

ಬೆಳಿಗ್ಗೆಯಿಂದ ತಲೆ ಬಿಸಿಯಾಗಿ ಕೂತಿದ್ದೇನೆ. ಮುಂಬೈಯ ನಮ್ಮ ಮಾಟುಂಗದ ರಸ್ತೆಗೆ ಹೊಸ ರೂಪ ಬರುತ್ತಿದೆ, ಗೊತ್ತಲ್ಲ. ಕಾಂಕ್ರೀಟ್ ರಸ್ತೆ, ಅಗಲದ ಫುಟ್‌ಪಾತ್, ಅದರಡಿ ಕೇಬಲ್ ಹಾಯಿಸುವ ಕೊಳವೆ, ಅಂದರೆ ಡಕ್ಟ್. ಮಾರ್ಕೆಟ್ಟಿನಿಂದ ತರಕಾರಿ ಹಿಡಿದು ಬರುತ್ತಿದ್ದೆ. ನೋಡಿದರೆ, ಗೇಟಿನ ಎದುರಿನ ಮಳೆಮರದ ಬುಡಕ್ಕೇ ಜೆಸಿಬಿ ಬಾಯಿ ಹಾಕಿದೆ. ನನ್ನ ತೊಡೆಯಷ್ಟು ದಪ್ಪದ ಬೇರು ತುಂಡಾಗಿ ಬಿದ್ದಿದೆ. (ನನ್ನನ್ನು ಕಂಡವರಿಗೆ ಅಂದಾಜು ಸಿಕ್ಕಿರುತ್ತದೆ.)

ಜಗಳಕ್ಕೆ ಹೋದೆ. ಸೂಪರ್‌ವೈಸರ್ ಹುಡುಗ ತಣ್ಣಗೆ ಹೇಳಿದ, "ಝಾಡ್ ಕಹಾಂ ಕಾಟ್ ರಹೇ ಹೈಂ ಮ್ಯಾಡಮ್, ಸಿರ್ಫ್ ಜಡ್ ಹೈ." ಮರ ಎಲ್ಲಿ ಕಡಿಯುತ್ತಿದ್ದೇವೆ, ಬರೀ ಬೇರು ತಾನೇ! ಆಹಾ. ಮನುಷ್ಯನನ್ನು ಕೊಂದಿಲ್ಲ ಸ್ವಾಮಿ, ಕಾಲು ಮಾತ್ರ ಕತ್ತರಿಸಿದ್ದೇವೆ.

ನನ್ನ ಸಿಟ್ಟೆಲ್ಲ ಇದರ ಮೇಲೇ. ಗರಗಸ ಹಿಡಿದು ಬಂದರೆ ನಾಲ್ಕು ಜನ ಸೇರುತ್ತಾರೆ, ಫೋಟೋ ತೆಗೆಯುತ್ತಾರೆ. 2019ರಲ್ಲಿ ಇಲ್ಲಿನ ಆರೆ ಕಾಡಿನಲ್ಲಿ ಮೆಟ್ರೋ ಶೆಡ್ಡಿಗೆಂದು ರಾತ್ರೋರಾತ್ರಿ ಮರ ಕಡಿದಾಗ ಊರೇ ಎದ್ದು ನಿಂತಿತ್ತು. ಬೇರು ಕಡಿದರೆ ಯಾರಿಗೂ ಕಾಣುವುದಿಲ್ಲ. ಮೇಲೆ ಎಲೆ ಹಸಿರಾಗಿಯೇ ಇರುತ್ತದೆ. ನೀರು ಹೀರುವ ಬೇರುಗಳು ಹೆಚ್ಚಾಗಿ ಮೇಲಿನ 2 ಅಡಿ ಮಣ್ಣಿನಲ್ಲೇ, ರೆಂಬೆಗಳನ್ನೂ ದಾಟಿ ಹರಡಿರುತ್ತವೆ. ಡಕ್ಟಿನ ಗುಂಡಿ ತೋಡುವುದೂ ಅಲ್ಲೇ. ಗಾಳಿಗೆ ಮರವನ್ನು ಹಿಡಿದು ನಿಲ್ಲಿಸುವ ದಪ್ಪ ಬೇರು ಒಂದು ಕಡೆಯಿಂದ ಹೋಯಿತು. ಆಮೇಲೆ ಬುಡದವರೆಗೆ ಕಾಂಕ್ರೀಟ್ ಸುರಿದರು, ನೀರೂ ಇಲ್ಲ, ಗಾಳಿಯೂ ಇಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಬದಿಯ ರೆಂಬೆ ಮಾತ್ರ ಸವರಿ ಹೋದರೆ ಮುಗಿಯಿತು ಕಥೆ. ಜುಲೈಯ ಒಂದು ಗಾಳಿಗೆ ಮರ ಮಲಗುತ್ತದೆ, ಕೆಳಗೆ ಯಾರದೋ ರಿಕ್ಷಾ, ಕೆಲವೊಮ್ಮೆ ಯಾರದೋ ಜೀವ. ಆಗ ಎಲ್ಲರೂ, "ಅಯ್ಯೋ, ಮರ ಹಳೆಯದಾಗಿತ್ತು."

ಕಾಯ್ದೆ ಇಲ್ಲವಾ? ಇದೆ. ಮಹಾರಾಷ್ಟ್ರದ ನಗರಗಳ ಮರಗಳಿಗೆಂದೇ 1975ರಿಂದ ಇದೆ. ಅದರಲ್ಲಿ ಮರವನ್ನು ಸುಟ್ಟರೂ, ಬೇರೆ ಯಾವ ರೀತಿ ಹಾಳು ಮಾಡಿದರೂ ಕಡಿದ ಲೆಕ್ಕವೇ. 2021ರ ತಿದ್ದುಪಡಿಯಲ್ಲಿ 50 ವರ್ಷ ದಾಟಿದ್ದು ಪಾರಂಪರಿಕ ಮರ. ಕಾಗದದಲ್ಲಿ ನಮ್ಮ ಮರ ಮಹಾರಾಜ. ಜೆಸಿಬಿಗೆ ಓದಲು ಬರುವುದಿಲ್ಲ, ಅಷ್ಟೇ.

ನಮ್ಮ ಸೊಸೈಟಿಯ ಶೆಟ್ಟರು ವಾಟ್ಸಾಪಿನಲ್ಲಿ ಬುದ್ಧಿ ಹೇಳಿದರು. "ಅಕ್ಕಾ, ಹೊಂಡ ಅಂತ ಬೈದವರೂ ನೀವೇ, ಈಗ ರಸ್ತೆ ಬೇಡ ಅನ್ನುವವರೂ ನೀವೇ. ಒಂದು ಹೋದರೆ ಹತ್ತು ನೆಡ್ತಾರೆ ಬಿಡಿ." ಶೆಟ್ರೇ, ಹೊಂಡಕ್ಕೆ ಬೈದದ್ದು ನಿಜ, ಇನ್ನೂ ಬೈಯುತ್ತೇನೆ. ಆದರೆ ರಸ್ತೆ ಬೇಡ ಅಂದವರು ಯಾರು? ಮರದ ಹತ್ತಿರ ಜೆಸಿಬಿ ಬಿಟ್ಟು ಕೈಯಲ್ಲಿ ಅಗೆಯಿರಿ. ಡಕ್ಟನ್ನು ಸ್ವಲ್ಪ ಆಚೆ ಸರಿಸಿ. ಬುಡದ ಸುತ್ತ ಮಣ್ಣು ಬಿಡಿ. ದೆಹಲಿಯಲ್ಲಿ ಮರದ ಸುತ್ತ 1 ಮೀಟರ್ ಕಾಂಕ್ರೀಟ್ ಕಿತ್ತು ತೆಗೆಯಿರಿ ಅಂತ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ಇದಕ್ಕೇನು ರಾಕೆಟ್ ವಿಜ್ಞಾನ ಓದಬೇಕಾ? ಇನ್ನು ಸಸಿಯ ವಿಷಯ. ಮರಕ್ಕೆ ಎಷ್ಟು ವರ್ಷವೋ ಅಷ್ಟು ಸಸಿ ಅಂತ ನಿಯಮವೇನೋ ಇದೆ. ಅರುವತ್ತು ವರ್ಷದ ಈ ಮರಕ್ಕೆ ಅರುವತ್ತು ಸಸಿ ಮಾಟುಂಗದಲ್ಲಿ ಎಲ್ಲಿ ನೆಡುತ್ತೀರಿ, ನಿಮ್ಮ ಪಾರ್ಕಿಂಗಿನಲ್ಲಾ?

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನನಗೆ ಪರಿಸರದ ಹುಚ್ಚೇನೂ ಇಲ್ಲ. ಒಣಗಲು ಹಾಕಿದ ಸೀರೆಯ ಮೇಲೆ ಕಾಗೆ ಹಿಕ್ಕೆ ಹಾಕಿದರೆ ಮರಕ್ಕೂ ಸೇರಿಸಿ ಬೈಯುವವಳು ನಾನು. ಆದರೆ ಮೇ ತಿಂಗಳ ಮಧ್ಯಾಹ್ನ ಇಸ್ತ್ರಿಯವ ಎಲ್ಲಿ ನಿಲ್ಲುತ್ತಾನೆ? ಚಪ್ಪಲಿ ಹೊಲಿಯುವ ಅಜ್ಜ ಎಲ್ಲಿ ಕೂರುತ್ತಾನೆ? ಗಜರೆ ಕಟ್ಟುವ ಹೆಂಗಸು? ಅವರ ಅಂಗಡಿಗೆ ಸೂರು ಅದೇ ಮರ. ಅಗಲದ ಫುಟ್‌ಪಾತ್ ಅಂತೆ. ನೆರಳಿಲ್ಲದ ಅಗಲದ ಫುಟ್‌ಪಾತ್ ಮೇಲೆ ಯಾರು ನಡೆಯುತ್ತಾರೆ? ನಕ್ಷೆ ಬರೆದವರಂತೂ ಎಸಿ ಕಾರಿನಲ್ಲಿ ಬರುತ್ತಾರೆ.

ಇನ್ನೊಂದು ವಿಚಿತ್ರ. 1896ರ ಪ್ಲೇಗ್ ಆದಮೇಲೆ, ಜನ ಗಾಳಿ ಬೆಳಕಿನಲ್ಲಿ ಬದುಕಲಿ ಅಂತ ನಗರ ಸುಧಾರಣೆಗೆಂದೇ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಈ ದಾದರ್–ಮಾಟುಂಗ ಬಡಾವಣೆಯ ನಕ್ಷೆ ಹಾಕಿತು. ಇಲ್ಲೇ ಇರುವ ಫೈವ್ ಗಾರ್ಡನ್ಸ್ ಉದ್ಯಾನದ ಕಡೆ ಹೋಗಿ ನೋಡಿ, ರಸ್ತೆಯೂ ಇದೆ, ಮರವೂ ಇದೆ. ಬ್ರಿಟಿಷರ ಕಾಲದವರಿಗೆ ಹೊಳೆದದ್ದು ಈಗಿನ ಕಂಪ್ಯೂಟರ್ ನಕ್ಷೆಗೆ ಹೊಳೆಯುವುದಿಲ್ಲ. ಅದರಲ್ಲಿ ಮರ ಅಂದರೆ ಒಂದು ಹಸಿರು ಚುಕ್ಕೆ. ಚುಕ್ಕೆಗೆ ಬೇರು ಎಲ್ಲಿಂದ ಬರಬೇಕು?

ರಸ್ತೆಯ ಆ ಬದಿ ಇನ್ನೂ ಅಗೆದಿಲ್ಲ. ಅಲ್ಲಿನ ಮರಗಳಿಗಾಗಿ ಅರ್ಜಿ ಬರೆದಿದ್ದೇನೆ. ಮರಾಠಿ ತಪ್ಪಿದ್ದರೆ ಮಗ ತಿದ್ದುತ್ತಾನೆ. ಹತ್ತಿರ ಇರುವವರು ಇವತ್ತು ಸಂಜೆ ಗೇಟಿನ ಹತ್ತಿರ ಬಂದು ಸಹಿ ಹಾಕಿ. ಶೆಟ್ಟರೂ ಬರಬೇಕು. ಅವರ ಹೊಸ ಕಾರು ದಿನಾ ನಿಲ್ಲುವುದು ಆ ಬದಿಯ ಮರದ ನೆರಳಿನಲ್ಲೇ.