ಹಳೇ ಊರಲ್ಲಿ ಜನ ಇರಬಾರದಾ?

ಕೋಟೆ ಬಾಗಿಲ ಮುಂದೆ ಅಪ್ಪ ಜೇಬಿಗೆ ಕೈ ಹಾಕಿ ನಿಂತರು. "ಟಿಕೆಟ್ ಎಲ್ಲಿ ಕೊಡ್ತಾರೋ?"

ಟಿಕೆಟ್ ಇಲ್ಲಪ್ಪ, ಇದು ಊರು ಅಂದೆ. ಅವರು ನಂಬಲಿಲ್ಲ. ಹೊಸಪೇಟೆಯಲ್ಲಿ ಬದುಕಿಡೀ ಇತಿಹಾಸ ಪಾಠ ಮಾಡಿದವರು. ಕಲ್ಲು ಹಳೆಯದಾದಷ್ಟೂ ಕೌಂಟರ್ ಹತ್ತಿರದಲ್ಲೇ ಇರುತ್ತೆ ಅಂತ ಅವರಿಗೆ ಗೊತ್ತು. ಅಷ್ಟರಲ್ಲಿ ಒಬ್ಬ ಅಜ್ಜಿ ಬ್ರೆಡ್ ಚೀಲ ಹಿಡಿದು ನಮ್ಮನ್ನು ದಾಟಿಕೊಂಡು ಒಳಗೆ ಹೋದರು. ಗೋಡೆ ಮೇಲೆ ಯಾವುದೋ ಮನೆತನದ ಲಾಂಛನ ಕೆತ್ತಿದ್ದ ಮನೆಯೊಂದರ ಬೀಗ ತೆಗೆದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಪ್ಪನಿಗೆ ಆಶ್ಚರ್ಯ. "ಏನು, ಒಳಗ ಮಂದಿ ಇರಾಕ ಬಿಟ್ಟಾರೇನು?"

ಊರಿನ ಹೆಸರು ಪೆದ್ರಾಸಾ. ಸ್ಪೇನಿನ ಸೆಗೋವಿಯಾ ಪ್ರಾಂತದಲ್ಲಿದೆ. ನಾವಿರುವ ಮ್ಯಾಡ್ರಿಡ್‌ನಿಂದ ಉತ್ತರಕ್ಕೆ ಬುರ್ಗೋಸ್ ರಸ್ತೆ ಹಿಡಿದು, ಸೋಮೊಸಿಯೆರಾ ಘಾಟಿ ದಾಟಿ ಹೋದರೆ ಸುಮಾರು 120 ಕಿ.ಮೀ. ಗುಡ್ಡದ ನೆತ್ತಿಯ ಮೇಲೆ ಊರು, ಸುತ್ತ ಕೋಟೆ ಗೋಡೆ, ಒಳಗೆ ಹೋಗೋಕೆ ಒಂದೇ ಬಾಗಿಲು. ಬಾಗಿಲಿಗೆ ಅಂಟಿಕೊಂಡೇ ಹಳೇ ಜೈಲು. ಇನ್ನೊಂದು ತುದಿಯಲ್ಲಿ ಅರಮನೆ ಕೋಟೆ. ಟಿಕೆಟ್ ಜೈಲಿಗಿದೆ, ಅರಮನೆ ಕೋಟೆಗಿದೆ. ಊರಿಗೆ ಮಾತ್ರ ಇಲ್ಲ.

ಆ ಕೋಟೆಯ ಕಥೆ ಕೇಳಿ ಅಪ್ಪನೊಳಗಿನ ಮೇಷ್ಟ್ರು ಎದ್ದು ಕೂತರು. 1525ರಲ್ಲಿ ಪಾವಿಯಾ ಯುದ್ಧದಲ್ಲಿ ಫ್ರಾನ್ಸಿನ ರಾಜ ಮೊದಲನೇ ಫ್ರಾನ್ಸಿಸ್ ಸ್ಪೇನಿನವರ ಕೈಗೆ ಸೆರೆ ಸಿಕ್ಕ. ಮರು ವರ್ಷ ತನ್ನ ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟು ತಾನು ಬಿಡಿಸಿಕೊಂಡು ಹೋದ. 1530ರವರೆಗೂ ಮಕ್ಕಳಿಗೆ ಬಿಡುಗಡೆ ಸಿಗಲಿಲ್ಲ. ಅದರಲ್ಲಿ ಒಂದಷ್ಟು ಕಾಲ ಅವರನ್ನು ಇಟ್ಟಿದ್ದು ಇಲ್ಲೇ. ಚಿಕ್ಕವನು ಮುಂದೆ ಎರಡನೇ ಹೆನ್ರಿಯಾಗಿ ಫ್ರಾನ್ಸನ್ನು ಆಳಿದ. "ಪಾವಿಯಾ ಯುದ್ಧ ಆದಾಗ ನಮ್ಮಲ್ಲಿ ಕೃಷ್ಣದೇವರಾಯ ಗದ್ದಿಗೆ ಮೇಲಿದ್ದ" ಅಂತ ಅಪ್ಪ ಮೊಮ್ಮಗಳಿಗೆ ಹೇಳಿದರು. ಅವಳಿಗೆ ಆಗ ಐಸ್‌ಕ್ರೀಮ್ ಬೇಕಾಗಿತ್ತು.

ಊರ ನಡುವೆ ಒಂದು ಚೌಕ. ಸುತ್ತಲೂ ಕಲ್ಲುಕಂಬದ ಜಗಲಿ, ಮೇಲೆ ಮರದ ಬಾಲ್ಕನಿಗಳ ಮನೆ, ಮೂಲೆಯಲ್ಲಿ ಚರ್ಚಿನ ಗೋಪುರ. ಜಗಲಿ ಕೆಳಗೆ ಹೋಟೆಲುಗಳು. ಮೇಲಿನ ಬಾಲ್ಕನಿಯಲ್ಲಿ ಯಾರೋ ಹಾಸಿಗೆ ಕೊಡವುತ್ತಿದ್ದರು. ಕಂಬಕ್ಕೆ ಒಂದು ಮಗುವಿನ ಸೈಕಲ್ ಒರಗಿಸಿತ್ತು. ಅಪ್ಪ ಆ ಕಂಬಗಳನ್ನೇ ನೋಡುತ್ತಾ ಕೂತರು. ಅವರ ತಲೆಯಲ್ಲಿ ಏನು ಓಡುತ್ತಿತ್ತು ಅಂತ ನನಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು.

ಹಂಪಿಯಲ್ಲಿ ವಿರೂಪಾಕ್ಷ ಗುಡಿ ಎದುರಿನ ಬಜಾರ್ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಕಡೆ ಸಾಲು ಮಂಟಪ. ನಾನು ಚಿಕ್ಕವನಿದ್ದಾಗ ಆ ಮಂಟಪಗಳಲ್ಲಿ ಸಂಸಾರಗಳಿದ್ದವು. ಹೂವು ಕಾಯಿ ಅಂಗಡಿ, ಟೈಲರ್, ಬಾಳೆಹಣ್ಣಿನ ಗಾಡಿ, ಮಂಡಕ್ಕಿ ಮಿರ್ಚಿ. ಅಪ್ಪ ಹುಣ್ಣಿಮೆಗೆ ಗುಡಿಗೆ ಹೋದರೆ ಕಂಬಗಳ ನಡುವಿನ ಒಂದು ಹೋಟೆಲಲ್ಲಿ ಕಾಫಿ ಕುಡಿಯದೆ ವಾಪಸ್ ಬಂದವರಲ್ಲ. 2011ರ ಜುಲೈನಲ್ಲಿ ಜೆಸಿಬಿ ಬಂತು. ಅಂಗಡಿ, ಮನೆ ಎಲ್ಲ ಕೆಡವಿ ಬೀದಿ ಖಾಲಿ ಮಾಡಿಸಿದರು. ಎದ್ದು ಹೋದವರಿಗೆ ಕಡ್ಡಿರಾಂಪುರದಲ್ಲಿ ಜಾಗ ಅಂದರು. 2020ರಲ್ಲಿ ಹೊಳೆ ಆಚೆಯ ವಿರೂಪಾಪುರ ಗಡ್ಡೆಯ ಸರದಿಯೂ ಬಂತು. ಈಗ ಮಂಟಪಗಳು ಚೊಕ್ಕಟವಾಗಿವೆ. ಫೋಟೋ ಚೆನ್ನಾಗಿ ಬರುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ಆ ಬೀದಿಯಲ್ಲಿ ನಿಂತರೆ ಮಾತಾಡಿಸೋಕೆ ಒಬ್ಬರೂ ಸಿಗಲ್ಲ.

ನನ್ನ ಸಿಟ್ಟು ಇರೋದು ಇಲ್ಲೇ. ಸ್ಪೇನ್ 1951ರಲ್ಲಿ ಪೆದ್ರಾಸಾವನ್ನು ಐತಿಹಾಸಿಕ ಊರು ಅಂತ ಘೋಷಿಸಿತು. ಇಡೀ ಊರನ್ನು, ಅಂದರೆ ಮನೆ, ಬೀದಿ, ಹೋಟೆಲು, ಗೋಡೆ ಎಲ್ಲ ಸೇರಿಸಿ. ಅಲ್ಲಿನ 1985ರ ಪರಂಪರೆ ಕಾಯಿದೆಯ ಪ್ರಕಾರ ಇಂಥ ಊರಿಗೆ ಪಂಚಾಯ್ತಿಯೇ ಒಂದು ರಕ್ಷಣಾ ಯೋಜನೆ ಮಾಡಬೇಕು. ನೀವು ಇರಬಹುದು, ಅಂಗಡಿ ಇಡಬಹುದು, ಚಾವಣಿ ರಿಪೇರಿ ಮಾಡಿಸಬಹುದು. ಆದರೆ ಕೇಳಿ ಮಾಡಬೇಕು. ಮನಸ್ಸಿಗೆ ಬಂದ ಬಣ್ಣ ಬಳಿಯೋ ಹಾಗಿಲ್ಲ, ದೊಡ್ಡ ಬೋರ್ಡ್ ನೇತುಹಾಕೋ ಹಾಗಿಲ್ಲ. ನಮ್ಮ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಮಾಡಿದ ತಿದ್ದುಪಡಿ ನೋಡಿ. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸದಾಗಿ ಏನೂ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. ಟೇಪ್ ಹಿಡಿದು ಅಳೆದರೆ ಮುಗೀತು. ಆ ಅಳತೆಯೊಳಗೆ ತಲೆತಲಾಂತರದಿಂದ ಹೂವು ಕಟ್ಟುತ್ತಿರುವ ಹೆಂಗಸು ಬಂದರೆ ಅವಳು ಸಮಸ್ಯೆ, ಅಷ್ಟೇ. ಬಜಾರ್ ಕಟ್ಟಿದ್ದೇ ವ್ಯಾಪಾರಕ್ಕೆ ಅಲ್ವಾ? ಅಲ್ಲಿ ವ್ಯಾಪಾರ ಮಾಡೋರು ಇರಬಾರದು ಅನ್ನೋದು ನನ್ನ ತಲೆಗೆ ಹೋಗಲ್ಲ.

ಊಟದ ವಿಷಯ ಸುಮ್ನೆ ಮುಗಿಸಿಬಿಡ್ತೀನಿ. ಪೆದ್ರಾಸಾಕ್ಕೆ ಸ್ಪೇನಿನವರು ಬರೋದೇ ಸೌದೆ ಒಲೆಯಲ್ಲಿ ಬೇಯಿಸಿದ ಎಳೆ ಕುರಿಮರಿ ತಿನ್ನೋಕೆ. ಬೀದಿ ತುಂಬ ಅದರದ್ದೇ ವಾಸನೆ. ಅಮ್ಮ ಮೂಗಿಗೆ ಸೆರಗು ಹಿಡಿದೇ ಅರ್ಧ ಊರು ನೋಡಿದರು. ಕೋಟೆ ಗೋಡೆಯ ಹೊರಗೆ ನೆರಳು ಹುಡುಕಿ ಚಿತ್ರಾನ್ನ, ಮೊಸರನ್ನದ ಡಬ್ಬಿ ಬಿಚ್ಚಿದೆವು. ಸ್ವರ್ಗ.

ಕುರಿಗೂ ಈ ಊರಿಗೂ ಹಳೇ ನಂಟು. ಮೆರಿನೋ ಉಣ್ಣೆ ಮಾರಿಯೇ ಇಲ್ಲಿನವರು ಈ ಲಾಂಛನದ ಮನೆಗಳನ್ನು ಕಟ್ಟಿದ್ದು. ಉಣ್ಣೆ ವ್ಯಾಪಾರ ಬಿದ್ದ ಮೇಲೆ ಜನ ಊರು ಬಿಟ್ಟರು. ಹಳೇ ಮನೆ ಕೆಡವಿ ಹೊಸದು ಕಟ್ಟೋಕೆ ಯಾರ ಹತ್ತಿರವೂ ದುಡ್ಡಿರಲಿಲ್ಲ. ಹಾಗಾಗಿ ಊರು ಇದ್ದ ಹಾಗೇ ಉಳಿಯಿತು. 1920ರ ದಶಕದಲ್ಲಿ ಚಿತ್ರಕಾರ ಇಗ್ನಾಸಿಯೋ ಸುಲೋವಾಗಾ ಪಾಳುಬಿದ್ದ ಅರಮನೆ ಕೋಟೆಯನ್ನೇ ಕೊಂಡುಕೊಂಡ. ಆಮೇಲೆ ಮ್ಯಾಡ್ರಿಡ್‌ನ ದುಡ್ಡಿದ್ದವರು ಒಂದೊಂದೇ ಮನೆ ಕೊಂಡು ರಿಪೇರಿ ಮಾಡಿಸಿದರು.

ಇದನ್ನು ಹೇಳೋಕೆ ನನಗೆ ಅಷ್ಟು ಇಷ್ಟವಿಲ್ಲ. ಯಾಕಂದರೆ ಆಫೀಸಿನಲ್ಲಿ ಪೆದ್ರಾಸಾ ಹೊಗಳಿದಾಗ ಸೆಗೋವಿಯಾ ಕಡೆಯ ಗೆಳತಿಯೊಬ್ಬಳು ನಕ್ಕುಬಿಟ್ಟಳು. "ಮಂಗಳವಾರ ಹೋಗಿ ನೋಡು" ಅಂದಳು. ಮುಕ್ಕಾಲು ಮನೆಗಳು ವೀಕೆಂಡ್ ಮನೆಗಳಂತೆ. ಬ್ರೆಡ್ ಹಿಡಿದಿದ್ದ ಅಜ್ಜಿ ಕೂಡ ಶನಿವಾರ ಬಂದು ಭಾನುವಾರ ಹೋಗೋರೇ ಇರಬಹುದು. ಜುಲೈ ತಿಂಗಳ ಎರಡು ಶನಿವಾರ ಇಡೀ ಊರಿನ ದೀಪ ಆರಿಸಿ ಸಾವಿರಾರು ಮೇಣದಬತ್ತಿ ಹಚ್ಚುತ್ತಾರೆ, ಆಗ ಕಾಲಿಡೋಕೆ ಜಾಗ ಇರಲ್ಲ. ಜನವರಿಯಲ್ಲಿ ಬೆಕ್ಕು ಮಾತ್ರ.

ಹಂಪಿ ಬಜಾರ್ ಕೂಡ ನನ್ನ ನೆನಪಿನಲ್ಲಿರೋ ಅಷ್ಟು ಚೆಂದ ಇರಲಿಲ್ಲ, ಆಯ್ತು. ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದ್ದರು, ಕಲ್ಲಿಗೆ ಮೊಳೆ ಹೊಡೆದಿದ್ದರು, ಬಚ್ಚಲ ನೀರು ಎಲ್ಲೆಂದರಲ್ಲಿ ಹರಿಯುತ್ತಿತ್ತು. ಮತ್ತೆ ಆ ಬೀದಿ ಪೂರ್ತಿ ಸತ್ತಿದೆ ಅನ್ನೋದೂ ಸುಳ್ಳು. ಚೈತ್ರದ ಜಾತ್ರೆಗೆ ವಿರೂಪಾಕ್ಷನ ತೇರು ಈಗಲೂ ಅಲ್ಲೇ ಎಳೆಯುತ್ತಾರೆ. ಆವತ್ತು ಬೀದಿ ತುಂಬಿ ತುಳುಕುತ್ತೆ. ಪೆದ್ರಾಸಾದ ಚರ್ಚಿನಲ್ಲಿ ನಾವು ಹೋದಾಗ ಒಬ್ಬರೂ ಕೈ ಮುಗಿಯುತ್ತಿರಲಿಲ್ಲ. ಹೊಳೆ ಆಚೆ ಆನೆಗೊಂದಿಯೂ ಇದೆ. ಕೋಟೆ ಬಾಗಿಲ ಒಳಗೇ ಮನೆಗಳು, ಜನ, ಎಮ್ಮೆ, ಎಲ್ಲ. ಎಬ್ಬಿಸದೇ ಬಿಟ್ಟ ಜಾಗಗಳು ನಮ್ಮಲ್ಲೂ ಇವೆ ಅಂತ ಅಪ್ಪನೇ ದಾರಿಯಲ್ಲಿ ವಾಪಸ್ ಬರುವಾಗ ನೆನಪಿಸಿದರು. ನಾನು ಹೂಂ ಅಂದೆ. ಪೂರ್ತಿ ಒಪ್ಪಿಲ್ಲ. ಗೋಡೆ ತೆಗೆಸಿ, ಚರಂಡಿ ಮಾಡಿಸಿ, ಬಾಡಿಗೆ ವಸೂಲಿ ಮಾಡಿ, ಕಾಫಿ ಹೋಟೆಲನ್ನು ಅಲ್ಲೇ ಬಿಡಬಹುದಿತ್ತು ಅನ್ನೋದು ಈಗಲೂ ನನ್ನ ವಾದ.

ಆ ಹೋಟೆಲಿನವರು ಈಗ ಕಡ್ಡಿರಾಂಪುರದಲ್ಲಿದ್ದಾರೆ. ಅಪ್ಪ ಚೌಕದ ಫೋಟೋ ಅವರಿಗೆ ವಾಟ್ಸಾಪ್ ಮಾಡಿದ್ದರು. ಮರುದಿನ ಉತ್ತರ ಬಂತು: "ಮೇಷ್ಟ್ರೇ, ಕಂಬದ ನಡುವೆ ಗ್ವಾಡಿ ಕಟ್ಟಿಲ್ಲ, ಅದು ಖರೆ. ಆದ್ರ ಟೇಬಲ್ಲು ಕುರ್ಚಿ ಎಲ್ಲಾ ಬೀದಿಗೇ ಹಾಕ್ಯಾರಲ್ಲ? ನಾವು ಹಾಕಿದ್ರ ಒತ್ತುವರಿ ಅಂತಿದ್ರು."