ಮಂತ್ರಿಸಿದ ನಿಂಬೆ, ಮಂತ್ರಿಯ ನಿಂಬೆ

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನಮ್ಮ ಬಡಾವಣೆಯಲ್ಲಿ ವಾಯುಸಂಚಾರಕ್ಕೆ ಹೊರಟವರ ಕಾಲುಗಳನ್ನು ನೋಡಬೇಕು. ಮೂರು ರಸ್ತೆ ಕೂಡುವ ಜಾಗದಲ್ಲಿ, ಹಾಲಿನ ಬೂತಿನ ಎದುರಿಗೆ, ರಾತ್ರಿ ಯಾರೋ ನಿವಾಳಿಸಿ ಎಸೆದ ನಿಂಬೆಹಣ್ಣುಗಳು ಬಿದ್ದಿರುತ್ತವೆ. ನಾಲ್ಕು ಹೋಳಾಗಿ ಸೀಳಿ ಕುಂಕುಮ ತುಂಬಿದವು ಕೆಲವು, ಹಸಿಮೆಣಸಿನಕಾಯಿಯ ಜೊತೆ ತಂತಿಗೆ ಪೋಣಿಸಿದವು ಕೆಲವು, ಲಾರಿಯ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿ ಬೀಜ ಕಾರಿಕೊಂಡವು ಇನ್ನು ಕೆಲವು. ದುಬಾರಿ ಬೂಟು ತೊಟ್ಟು, ಮಣಿಕಟ್ಟಿಗೆ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡು ಬರುವ ಎಂಜಿನಿಯರ್ ಅಲ್ಲಿಗೆ ಬಂದೊಡನೆ ಕುಂಟೆಬಿಲ್ಲೆ ಆಡುವ ಹುಡುಗಿಯಂತೆ ಒಂಟಿಕಾಲಿನಲ್ಲಿ ಪಕ್ಕಕ್ಕೆ ಹಾರುತ್ತಾನೆ. ನಿವೃತ್ತ ವಿಜ್ಞಾನದ ಮೇಷ್ಟರು ಚರಂಡಿಯ ಚಪ್ಪಡಿ ಹತ್ತಿ ಬಳಸಿಕೊಂಡು ಹೋಗುತ್ತಾರೆ. ಕೇಳಿದರೆ, ಸಿಪ್ಪೆ ಜಾರುತ್ತದೆ ಎನ್ನುತ್ತಾರೆ. ನನಗಂತೂ ಇಂಥದ್ದರಲ್ಲಿ ನಂಬಿಕೆಯೇ ಇಲ್ಲ. ಹಾಗಾಗಿ ಆ ದಿನ ನಾನು ಬೇರೆ ರಸ್ತೆಯಲ್ಲಿ ನಡೆಯುತ್ತೇನೆ.

ಇದೇ ಹಣ್ಣು ನಮ್ಮ ಅಡುಗೆಮನೆಯಲ್ಲಿ ಎಷ್ಟು ಸಾಧುವಾಗಿರುತ್ತದೆ! ಚಿತ್ರಾನ್ನದಲ್ಲಿ ಬೀಜ ಸಿಕ್ಕಿದರೆ ಮುಖ ಕಿವಿಚುತ್ತೇವೆಯೇ ಹೊರತು ಹೆದರುವುದಿಲ್ಲ. ನನ್ನ ತಾಯಿ ಸಂತೆಯಿಂದ ತಂದ ನಿಂಬೆಹಣ್ಣುಗಳನ್ನು ಮೊರದಲ್ಲಿ ಸುರಿದುಕೊಂಡು ಎರಡು ಪಾಲು ಮಾಡುತ್ತಿದ್ದರು. ಮಚ್ಚೆಯಿಲ್ಲದ, ಗುಂಡಗಿನ, ತೊಟ್ಟು ಹಸಿರಾಗಿರುವವು ದೇವರಿಗೆ. ಚರ್ಮ ಒರಟಾದವು, ಒಂದು ಕಡೆ ಕಂದಿದವು ಮನುಷ್ಯರಿಗೆ. ರಸ ಹೆಚ್ಚು ಇರುತ್ತಿದ್ದುದು ಈ ಎರಡನೆಯ ಪಾಲಿನಲ್ಲೇ. ಶುಕ್ರವಾರ ರಾಹುಕಾಲಕ್ಕೆ ದುರ್ಗೆಯ ಗುಡಿಯಲ್ಲಿ ದೀಪ ಹಚ್ಚುವಾಗ ಹಣ್ಣನ್ನು ಅಡ್ಡಲಾಗಿ ಕೊಯ್ದು, ರಸ ಹಿಂಡಿ, ಸಿಪ್ಪೆಯನ್ನು ಒಳಮೈ ಹೊರಗಾಗಿ ಮಗುಚಿ, ಅದರ ಗುಳಿಯಲ್ಲಿ ಎಣ್ಣೆ ಹೊಯ್ದು ಬತ್ತಿ ಇಡಬೇಕು. ಹಿಂಡಿದ ರಸ ಪೋಲಾಗಬಾರದಲ್ಲ. ನಮ್ಮ ಮನೆಯಲ್ಲಿ ಶುಕ್ರವಾರದ ತಿಂಡಿ ಚಿತ್ರಾನ್ನವೇ ಎಂದು ರಾಹು ತೀರ್ಮಾನಿಸಿದ್ದ.

ಸಾರ್ವಜನಿಕ ಜೀವನಕ್ಕೂ ನಿಂಬೆಹಣ್ಣಿಗೂ ಹಳೆಯ ನಂಟು. ದೊಡ್ಡವರನ್ನು ಕಾಣಲು ಬರಿಗೈಯಲ್ಲಿ ಹೋಗಬಾರದು ಎಂದು ನಮ್ಮ ಹಿರಿಯರು ಒಂದು ನಿಂಬೆಹಣ್ಣು ಹಿಡಿದು ಹೋಗುತ್ತಿದ್ದರು. ಅಮಲ್ದಾರರಿರಲಿ, ಮಠದ ಸ್ವಾಮಿಗಳಿರಲಿ, ಊರಿನ ಶಾನುಭೋಗರಿರಲಿ, ಕೈಗೊಂದು ಹಣ್ಣಿತ್ತು ನಮಸ್ಕರಿಸಿದರೆ ಮಾತಿಗೆ ಪೀಠಿಕೆಯಾಗುತ್ತಿತ್ತು. ಲಂಚ ಎನ್ನಲು ತೀರ ಚಿಕ್ಕದು, ಉಪೇಕ್ಷೆ ಎನ್ನಲಾಗದಷ್ಟು ದೊಡ್ಡದು. ಆ ದಿನಗಳಲ್ಲಿ ಹಣ್ಣು ಪ್ರಜೆಯ ಕೈಯಿಂದ ಅಧಿಕಾರಿಯ ಕೈಗೆ ಹೋಗುತ್ತಿತ್ತು. ಈಗ ಅಧಿಕಾರಸ್ಥರೇ ಹಣ್ಣು ಹಿಡಿದು ಬರುತ್ತಾರೆ.

2019ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ವಿಧಾನಸಭೆಯಲ್ಲಿ ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದ ವಿಶ್ವಾಸಮತದ ಚರ್ಚೆ ದಿನಗಟ್ಟಲೆ ನಡೆದಿತ್ತು. ರಾಜೀನಾಮೆ ಕೊಟ್ಟ ಶಾಸಕರು ಮುಂಬೈ ಹೋಟೆಲಿನಲ್ಲಿ, ಪತ್ರಕರ್ತರು ಅವರ ಬೆನ್ನಿಗೆ. ಆ ಗದ್ದಲದ ನಡುವೆ ಲೋಕೋಪಯೋಗಿ ಸಚಿವ ರೇವಣ್ಣನವರ ಕೈಯಲ್ಲಿ ಒಂದು ನಿಂಬೆಹಣ್ಣು ಇರುವುದನ್ನು ಕ್ಯಾಮೆರಾ ಪತ್ತೆ ಮಾಡಿತು. ಅಲ್ಲಿಗೆ ರಾಜ್ಯದ ಆರ್ಥಿಕ ಸ್ಥಿತಿ, ಬರ, ರಾಜೀನಾಮೆಗಳ ಸಿಂಧುತ್ವ ಎಲ್ಲ ಹಿಂದೆ ಸರಿದು ಹಣ್ಣು ಮುಂದೆ ಬಂತು. ಮುಖ್ಯಮಂತ್ರಿಗಳು ಸದನದಲ್ಲೇ ಅಣ್ಣನ ಪರವಾಗಿ ನಿಂತರು. ಅವರು ದೇವಸ್ಥಾನಕ್ಕೆ ಹೋಗುವವರು, ಅದಕ್ಕೆ ನಿಂಬೆಹಣ್ಣು ಇಟ್ಟುಕೊಳ್ಳುತ್ತಾರೆ. ಹಿಂದೂ ಸಂಸ್ಕೃತಿಯ ಮಾತಾಡುವ ನೀವೇ ಅದನ್ನು ಮಾಟ ಎನ್ನುತ್ತೀರಲ್ಲ, ಮಾಟದಿಂದ ಸರ್ಕಾರ ಉಳಿಸಿಕೊಳ್ಳಲು ಆಗುತ್ತದೆಯೇ ಎಂಬ ಅರ್ಥದಲ್ಲಿ ವಿರೋಧ ಪಕ್ಷವನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಜುಲೈ 23ರಂದು ಉತ್ತರವೂ ಬಂತು: ಪರವಾಗಿ 99, ವಿರುದ್ಧವಾಗಿ 105.

ನಾವೆಲ್ಲ ನಕ್ಕೆವು. ಮೊಬೈಲುಗಳಲ್ಲಿ ನಿಂಬೆಹಣ್ಣಿನ ಚಿತ್ರಗಳು ಹರಿದಾಡಿದವು. ನಕ್ಕವರ ಪೈಕಿ ನಾನೂ ಒಬ್ಬ. ಆದರೆ ಸರಿಯಾಗಿ ಎರಡೂವರೆ ತಿಂಗಳಿಗೆ, ಅಕ್ಟೋಬರ್ 8ರ ವಿಜಯದಶಮಿಯ ದಿನ, ಫ್ರಾನ್ಸಿನ ಬೋರ್ಡೋ ನಗರದ ಪಕ್ಕದ ಮೆರಿನ್ಯಾಕ್‌ನಲ್ಲಿ ರಕ್ಷಣಾ ಸಚಿವ ರಾಜನಾಥ ಸಿಂಗ್ ಮೊದಲ ರಫೇಲ್ ಯುದ್ಧವಿಮಾನವನ್ನು ಬರಮಾಡಿಕೊಂಡರು. ವಿಮಾನದ ಮೈಮೇಲೆ ಓಂ ಬರೆದರು, ಹೂವು ತೆಂಗಿನಕಾಯಿ ಇಟ್ಟರು; ಚಕ್ರಗಳ ಕೆಳಗೆ ನಿಂಬೆಹಣ್ಣುಗಳಿದ್ದವು. ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು ಇಂಥ ತಮಾಷೆ ಬೇಕಿರಲಿಲ್ಲ ಎಂದರು. ಜುಲೈಯಲ್ಲಿ ಒಂದು ಹಣ್ಣಿಗೆ ಮೂಢನಂಬಿಕೆ ಎಂದು ಹೆಸರಿಟ್ಟಿದ್ದವರು ಅಕ್ಟೋಬರಿನಲ್ಲಿ ಅದನ್ನು ಪರಂಪರೆ ಎಂದು ಕರೆದರು. ಜುಲೈಯಲ್ಲಿ ನಂಬಿಕೆಯನ್ನು ಗೌರವಿಸಿ ಎಂದಿದ್ದವರ ಪಾಳೆಯದಿಂದ ಈಗ ವಿಜ್ಞಾನದ ಮಾತು ಕೇಳಿಸಿತು. ಇಡೀ ಪ್ರಕರಣದಲ್ಲಿ ನನಗೆ ಇಂದಿಗೂ ಮರೆಯಲಾಗದ್ದು ಗಡಿಯಾಚೆಯ ಪ್ರತಿಕ್ರಿಯೆ. ಪಾಕಿಸ್ತಾನ ಸೇನೆಯ ಆಗಿನ ವಕ್ತಾರ ಆಸಿಫ್ ಗಫೂರ್, ಆ ಪೂಜೆಯಲ್ಲಿ ತಪ್ಪೇನಿಲ್ಲ, ಅದು ಅವರವರ ಧರ್ಮ, ಗೌರವಿಸಬೇಕು ಎಂದು ಬರೆದು, ಯಂತ್ರಕ್ಕಿಂತ ಅದನ್ನು ನಡೆಸುವವರ ಸಾಮರ್ಥ್ಯ ಮುಖ್ಯ ಎಂದು ಒಂದು ಚುಚ್ಚುಮಾತನ್ನೂ ಸೇರಿಸಿದರು. ನಿಂಬೆಹಣ್ಣಿನ ಪರವಾಗಿ ಬಂದ ಅತ್ಯಂತ ಸಮತೂಕದ ಮಾತು ಅದೇ ಇರಬೇಕು. ಅದರಲ್ಲೂ ಹುಳಿ ಇತ್ತು, ಬಿಡಿ.

ವಿಮಾನದ ಮಾತು ದೊಡ್ಡದಾಯಿತು, ಬಸ್ಸಿಗೆ ಬರೋಣ. ಆಯುಧಪೂಜೆಗೆಂದು ನಮ್ಮ ಕೆಎಸ್‌ಆರ್‌ಟಿಸಿ ಒಂದೊಂದು ಬಸ್ಸಿಗೂ ಇಂತಿಷ್ಟು ಹಣ ಕೊಡುತ್ತದೆ. ಬಹುಕಾಲ ಅದು 10 ರೂಪಾಯಿ ಇತ್ತು. ಆಮೇಲೆ 30, 50, 100 ಎಂದು ಏರಿ 2024ರಲ್ಲಿ 250 ಆಯಿತು. ಹತ್ತು ರೂಪಾಯಿಯಲ್ಲಿ ಐವತ್ತು ಜನರನ್ನು ಹೊರುವ ಬಸ್ಸಿಗೆ ಏನು ಪೂಜೆ ಮಾಡುತ್ತಿದ್ದರು ಎಂದು ನೀವು ಕೇಳಬಹುದು. ಡ್ರೈವರ್ ಮತ್ತು ಕಂಡಕ್ಟರ್ ಕೈಯಿಂದ ಹಾಕಿಕೊಂಡು ಮಾಡುತ್ತಿದ್ದರು. ಸರ್ಕಾರದ ಬಸ್ಸಿಗೆ ಧರ್ಮವಿದೆಯೇ ಎಂಬ ಸಂವಿಧಾನದ ಪ್ರಶ್ನೆ ಡಿಪೊದಲ್ಲಿ ಏಳುವುದಿಲ್ಲ. ಅಲ್ಲಿ ಏಳುವುದು ಬಾಳೆಕಂದು ಎಷ್ಟು, ಚೆಂಡುಹೂವು ಎಷ್ಟು ಮಾರು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆ ಸಾಕೋ, ಹಿಂದಿನ ಜೋಡಿಚಕ್ರವನ್ನು ಲೆಕ್ಕ ಹಿಡಿದು ಆರು ಬೇಕೋ ಎಂಬ ಪ್ರಶ್ನೆ. ಜಾನ್ ಎಂಬ ಡ್ರೈವರನೂ ಇಮಾಮ್ ಎಂಬ ಮೆಕ್ಯಾನಿಕ್ಕೂ ಈ ಲೆಕ್ಕದಲ್ಲಿ ತಲೆ ಹಾಕಿರುವುದನ್ನು ನಾನು ಕಂಡಿದ್ದೇನೆ. ಆ ಬಸ್ಸನ್ನು ಘಾಟಿಯಲ್ಲಿ ಇಳಿಸಬೇಕಾದವರು ಅವರೇ ತಾನೇ. ವಿಧಾನಸೌಧದಲ್ಲಿ ಮಾತ್ರ 2023ರಲ್ಲಿ, ಆಯುಧಪೂಜೆಗೆ ಒಳಗಡೆ ರಾಸಾಯನಿಕ ಬಣ್ಣದ ಅರಿಸಿನ ಕುಂಕುಮ ಬಳಸಬೇಡಿ, ನೆಲದ ಕಲೆ ಹೋಗುವುದಿಲ್ಲ ಎಂದು ಸುತ್ತೋಲೆ ಹೊರಟಿತು. ನೆಲ ಒರೆಸುವವರ ಕಷ್ಟದಿಂದ ಹೊರಟ ಕಾಗದ ಸಂಜೆಯ ಹೊತ್ತಿಗೆ ಧರ್ಮದ ಮೇಲಿನ ದಾಳಿಯಾಗಿ ಟಿವಿಯಲ್ಲಿ ಕುಳಿತಿತ್ತು.

ಈಗ ನನ್ನ ಸರದಿ. ಕೆಲವು ವರ್ಷಗಳ ಹಿಂದೆ ಸಾಲ ಮಾಡಿ ಒಂದು ಸಣ್ಣ ಕಾರು ಕೊಂಡೆ. ಅಂಗಡಿಯವರು ಕೀಲಿಯ ಜೊತೆಗೆ ನಾಲ್ಕು ನಿಂಬೆಹಣ್ಣನ್ನೂ ಒಂದು ಪೊಟ್ಟಣದಲ್ಲಿ ಕೊಟ್ಟರು. ಬಿಲ್ಲಿನಲ್ಲಿ ಅದು ಇರಲಿಲ್ಲ. ನಾನು ಸ್ವಲ್ಪ ದೊಡ್ಡಸ್ತಿಕೆಯಿಂದ, ಇವೆಲ್ಲ ನನಗೆ ಬೇಡ, ಮನೆಯವರ ಸಮಾಧಾನಕ್ಕೆ ಇರಲಿ ಎಂದೆ. ಹೆಂಡತಿ ಏನೂ ಹೇಳದೆ ಚಕ್ರಗಳ ಮುಂದೆ ಹಣ್ಣಿಟ್ಟಳು. ಗಾಡಿ ಮುಂದೆ ಬಿಟ್ಟೆ. ಮೂರು ಪಟಪಟನೆ ಒಡೆದವು. ಹಿಂದಿನ ಎಡಚಕ್ರದ ಹಣ್ಣು ಮಾತ್ರ ಜಾರಿ ಪಕ್ಕಕ್ಕೆ ಉರುಳಿ, ಬಿಸಿಲಿನಲ್ಲಿ ಹೊಳೆಯುತ್ತ ಕುಳಿತಿತ್ತು. ನಾನು ಕನ್ನಡಿಯಲ್ಲಿ ನೋಡಿದೆ. ಯಾರೂ ಏನೂ ಹೇಳಲಿಲ್ಲ. ಅಂಗಡಿಯ ಹುಡುಗ ಆಕಾಶ ನೋಡುತ್ತಿದ್ದ. ನಾನು ಗಾಡಿಯನ್ನು ಹಿಂದಕ್ಕೆ ತೆಗೆದೆ, ಚಕ್ರ ತುಸು ಎಡಕ್ಕೆ ತಿರುಗಿಸಿದೆ, ಮತ್ತೆ ಮುಂದೆ ಬಿಟ್ಟೆ. ತಪ್ಪಿತು. ಇನ್ನೊಮ್ಮೆ ಹಿಂದಕ್ಕೆ. ಮೂರನೆಯ ಸಲಕ್ಕೆ ಪಟ್ ಎಂದಿತು. ಹೆಂಡತಿ ಮೆಲ್ಲಗೆ, ಈಗ ಸಮಾಧಾನವಾಯಿತೇ ನಿಮಗೆ ಎಂದಳು.

ಆ ಮೂರು ಸಲ ಹಿಂದೆ ಮುಂದೆ ಮಾಡಿದ್ದು ಯಾರ ಭಯಕ್ಕೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ದೇವರ ಭಯಕ್ಕಂತೂ ಅಲ್ಲ. ದೇವರು ನಿಂಬೆಹಣ್ಣಿನ ಲೆಕ್ಕ ಇಡುವಷ್ಟು ಬಿಡುವಾಗಿದ್ದಾನೆ ಎಂದು ನನಗೆ ಅನಿಸಿಲ್ಲ. ಭಯ ಇದ್ದದ್ದು ಪಕ್ಕದ ಮನೆಯವರದ್ದು, ಕಚೇರಿಯವರದ್ದು, ಓಹೋ ಕಾರು ತೆಗೆದುಕೊಂಡಿರಾ ಎನ್ನುವ ಕಣ್ಣುಗಳದ್ದು. ಮನುಷ್ಯನ ಕಣ್ಣಿಗೆ ಮರವೂ ಸಿಡಿಯುತ್ತದಂತೆ. ಒಂದು ಕಾರಿಗೇ ಹೀಗಾದರೆ, ಲಕ್ಷಾಂತರ ಜನರ ಕಣ್ಣೆದುರು ಕುರ್ಚಿಯ ಮೇಲೆ ಕೂರುವವರ ಪಾಡೇನು? ಸಾರ್ವಜನಿಕ ಜೀವನ ಎಂದರೆ ಊರ ಕಣ್ಣಿಗೆಲ್ಲ ಬಿದ್ದುಕೊಂಡಿರುವ ಜೀವನ. ಎದುರಾಳಿಯ ಕಣ್ಣು, ತನ್ನ ಪಕ್ಷದವರ ಕಣ್ಣು (ಇದು ಹೆಚ್ಚು ಕೆಟ್ಟದ್ದು), ಕ್ಯಾಮೆರಾದ ಕಣ್ಣು. ಮಂತ್ರಿಯಾದವರು ಮಂತ್ರಿಸಿದ ಹಣ್ಣಿಗೆ ಕೈ ಚಾಚುವುದು ನನಗೆ ಈಗ ಅಷ್ಟು ವಿಚಿತ್ರವಾಗಿ ಕಾಣುವುದಿಲ್ಲ.

ಹೆದರದವರೂ ಇದ್ದಾರೆ. ಅಧಿಕಾರದಲ್ಲಿರುವಾಗ ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂದು ಹಲವು ಮುಖ್ಯಮಂತ್ರಿಗಳು ಆ ಕಡೆ ತಲೆ ಹಾಕದೆ ಇದ್ದಾಗ, ಸಿದ್ದರಾಮಯ್ಯನವರು ಮತ್ತೆ ಮತ್ತೆ ಹೋಗಿ ಬಂದು 2018ರವರೆಗೆ ಐದು ವರ್ಷ ಪೂರೈಸಿದರು. ಎರಡನೆಯ ಬಾರಿ ಮುಖ್ಯಮಂತ್ರಿಯಾದ ಮೇಲೆ, 2023ರ ಜೂನ್‌ನಲ್ಲಿ, ವಾಸ್ತುವಿನ ಕಾರಣಕ್ಕೆ ಮುಚ್ಚಿಟ್ಟಿದ್ದ ವಿಧಾನಸೌಧದ ತಮ್ಮ ಕೊಠಡಿಯ ಬಾಗಿಲನ್ನು ತೆಗೆಸಿ ಅದರಿಂದಲೇ ಒಳಹೋದರು. ಆದರೆ 2016ರಲ್ಲಿ ಅವರ ಕಾರಿನ ಮೇಲೆ ಒಂದು ಕಾಗೆ ಕುಳಿತಿತ್ತು, ಸ್ವಲ್ಪ ದಿನಕ್ಕೆ ಕಾರು ಬದಲಾಯಿತು. ಕಾಗೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಅವರು ಹೇಳಿದರು. ನಾನು ನಂಬುತ್ತೇನೆ. ನಂಬದವರು ನಾವೇ: ನಾಯಕ ಹೆದರಿದರೆ ನಗುವುದು, ಹೆದರದಿದ್ದರೆ ಎಲ್ಲೋ ಹೆದರಿರಲೇಬೇಕು ಎಂದು ಹುಡುಕುವುದು. ಮೌಢ್ಯ ನಿಷೇಧ ಎಂದು ಜನ ಕರೆಯುವ ಕಾಯ್ದೆಯ ಕಥೆಯೂ ಚೆನ್ನಾಗಿದೆ. 2017ರಲ್ಲಿ ಒಂದು ಪಕ್ಷದ ಸರ್ಕಾರ ಅಂಗೀಕರಿಸಿತು, 2020ರ ಜನವರಿಯಲ್ಲಿ ಇನ್ನೊಂದು ಪಕ್ಷದ ಸರ್ಕಾರ ಜಾರಿಗೆ ತಂದಿತು. ಮಾಟ ಮಾಡುವುದು, ಎಂಜಲೆಲೆಯ ಮೇಲೆ ಉರುಳಿಸುವುದು, ಮಕ್ಕಳನ್ನು ಮುಳ್ಳಿನ ಮೇಲೆ ಎಸೆಯುವುದು ಅದರಲ್ಲಿ ಅಪರಾಧ. ಪ್ರದಕ್ಷಿಣೆ, ಹರಿಕಥೆ, ಜ್ಯೋತಿಷ್ಯ, ವಾಸ್ತು ಸುರಕ್ಷಿತ. ಇವೆರಡರ ನಡುವಿನ ಗಡಿಯಲ್ಲಿ ಒಂದು ನಿಂಬೆಹಣ್ಣನ್ನು ಇಟ್ಟರೆ ಅದು ಯಾವ ಕಡೆಗೆ ಉರುಳುತ್ತದೆ ಎಂಬುದು ಹಿಡಿದವರ ಪಕ್ಷವನ್ನು ನೋಡಿ ತೀರ್ಮಾನವಾಗುತ್ತದೆ.

ಹಣ್ಣಿಗೆ ಇದಾವುದೂ ಗೊತ್ತಿಲ್ಲ. ನಮ್ಮೂರ ದರ್ಗಾದ ಮುಂದೆ ಕೂರುವ ಮುಜಾವರ ಊದಿ ಕೊಡುವ ನಿಂಬೆಯೂ, ಪಕ್ಕದ ಮಾರಮ್ಮನ ಪೂಜಾರಿ ಮಂತ್ರಿಸಿ ಕೊಡುವ ನಿಂಬೆಯೂ ಒಂದೇ ಬುಟ್ಟಿಯಿಂದ ಬಂದವು. ಇಬ್ಬರಿಗೂ ಮಾರುವವಳು ಒಬ್ಬಳೇ ಮುದುಕಿ. ಮಗುವಿಗೆ ಜ್ವರ ಬಂದರೆ ತಾಯಂದಿರು ಎರಡೂ ಕಡೆಯಿಂದ ತಂದು ದಿಂಬಿನ ಕೆಳಗೆ ಇಡುತ್ತಾರೆ, ಎರಡು ಹಣ್ಣಿನ ನಡುವೆ ಪ್ಯಾರಾಸಿಟಮಾಲ್. ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ಒಂದು ಮುರುಗನ್ ಗುಡಿಯಲ್ಲಿ 2024ರ ಪಂಗುನಿ ಉತ್ತಿರದ ಹಬ್ಬಕ್ಕೆ ಪೂಜೆಗಿಟ್ಟ ಒಂಬತ್ತು ನಿಂಬೆಹಣ್ಣುಗಳನ್ನು ಹರಾಜು ಹಾಕಿದರೆ 2.36 ಲಕ್ಷ ರೂಪಾಯಿ ಬಂತು. ಅದನ್ನು ತಿಂದರೆ ಮಕ್ಕಳಾಗುತ್ತವೆ ಎಂಬುದು ಅಲ್ಲಿಯವರ ನಂಬಿಕೆ. ನಮ್ಮ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ನಿಂಬೆ ಬೆಳೆಯುವ ರೈತರು ಇದನ್ನು ಓದಿದಾಗ ಏನೆಂದುಕೊಂಡರೋ. ಅವರು ನಿಂಬೆಯನ್ನು ಲಿಂಬಿ ಎನ್ನುತ್ತಾರೆ. ಅದಕ್ಕೊಂದು ಅಭಿವೃದ್ಧಿ ಮಂಡಳಿ ಇದೆ, ಜಿಐ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಮಾರುಕಟ್ಟೆಯಲ್ಲಿ ಬೆಲೆ ಬಿದ್ದ ದಿನ ನಿವಾಳಿಸಿ ಹಾಕಲು ಮಾತ್ರ ಏನೂ ಇಲ್ಲ. 2022ರ ಬೇಸಿಗೆಯಲ್ಲಿ ಒಂದು ಹಣ್ಣಿಗೆ 10 ರೂಪಾಯಿ ಆದಾಗ ನಮ್ಮ ಬೀದಿಯ ಕಿರಾಣಿ ಅಂಗಡಿಯವನು ಬಾಗಿಲಿಗೆ ಕಟ್ಟುವ ಮಾಲೆಯಲ್ಲಿ ನಿಂಬೆ ಬಿಟ್ಟು ಬರೀ ಏಳು ಮೆಣಸಿನಕಾಯಿ ಕಟ್ಟಿದ್ದ. ದೃಷ್ಟಿಗೆ ಖಾರ ಸಾಕು, ಹುಳಿ ಬೆಲೆ ಇಳಿದ ಮೇಲೆ ನೋಡೋಣ ಎಂದ.

ಕಳೆದ ಅಮಾವಾಸ್ಯೆಯ ಮರುದಿನ ನಾನು ದಾರಿ ಬದಲಿಸಲು ಮರೆತು ನೇರವಾಗಿ ಆ ಮೂರು ದಾರಿಗೇ ಬಂದುಬಿಟ್ಟೆ. ಪೌರಕಾರ್ಮಿಕ ಹೆಂಗಸೊಬ್ಬಳು ಕಸ ಗುಡಿಸುತ್ತಿದ್ದಳು. ಕಾಲಿಗೆ ಹವಾಯಿ ಚಪ್ಪಲಿ, ಸೆರಗಿನ ಮೇಲೆ ಹಸಿರು ಕೋಟು. ಇಡೀ ವಾರ್ಡಿನ ಕೆಟ್ಟ ಕಣ್ಣು, ಯಾರದೋ ಮನೆಯ ಜ್ವರ, ಯಾರದೋ ಅಂಗಡಿಯ ನಷ್ಟ, ಯಾರದೋ ಟಿಕೆಟ್ ತಪ್ಪಿದ್ದು, ಎಲ್ಲವನ್ನೂ ಪೊರಕೆಯಿಂದ ಒಂದೇ ಗುಡ್ಡೆ ಮಾಡಿದಳು. ಎಂಜಿನಿಯರ್ ಹಾರಿ ಹೋದ. ಮೇಷ್ಟರು ಚಪ್ಪಡಿ ಹತ್ತಿದರು. ಅವಳು ಬಗ್ಗಿ ಬರಿಗೈಯಲ್ಲಿ ಒಂದು ಮಾಲೆಯನ್ನು ಎತ್ತಿ ತಿರುಗಿಸಿ ನೋಡಿ, ಥೂ, ಇವರಿಗೆ ಎಷ್ಟು ಸಲ ಹೇಳಬೇಕು ಎಂದು ಗೊಣಗಿದಳು.

ಏನಮ್ಮಾ, ಮುಟ್ಟಬಾರದೇ ಎಂದೆ, ಎರಡು ಹೆಜ್ಜೆ ದೂರದಲ್ಲೇ ನಿಂತು.

ತಂತಿ ಸಾರ್ ಎಂದಳು. ಹಣ್ಣು ಹಸಿ ಕಸ, ತಂತಿ ಒಣ ಕಸ. ಒಟ್ಟಿಗೆ ಹಾಕಿದರೆ ಗಾಡಿಯವನು ತೆಗೆದುಕೊಳ್ಳುವುದಿಲ್ಲ.

ತಂತಿಯ ತುದಿಯ ಕೊಕ್ಕೆಯನ್ನು ಹಲ್ಲಿನಿಂದ ಬಿಡಿಸಿ, ಹಣ್ಣನ್ನೂ ಮೆಣಸಿನಕಾಯಿಗಳನ್ನೂ ಒಂದೊಂದಾಗಿ ಜಾರಿಸಿ ಹಸಿರು ಡಬ್ಬಿಗೆ ಹಾಕಿದಳು. ತಂತಿಯನ್ನು ಉಂಗುರದಂತೆ ಸುತ್ತಿ ನೀಲಿ ಡಬ್ಬಿಗೆ ಎಸೆದಳು. ಗುಡ್ಡೆಯಲ್ಲಿ ಇನ್ನೂ ಹದಿನಾಲ್ಕು ಮಾಲೆಗಳಿದ್ದವು.